ತೊಂಬತ್ತೆರಡು ಕಿಲೋ

ಸೋಮವಾರ ಬೆಳಿಗ್ಗೆ ಕ್ಯಾಂಟೀನಿನ ಕೋಳಿ ತೂಗುವ ಯಂತ್ರವನ್ನು ಹೊರಗೆ ತಂದು ಟಿಕೆಟ್ ಕೌಂಟರಿನ ಹಿಂದೆ ಇಡುತ್ತಿದ್ದರು. ಅದಕ್ಕೆ ಅಂಟಿಕೊಂಡ ಪುಕ್ಕವನ್ನು ಒರೆಸುವ ಮರ್ಯಾದೆಯನ್ನೂ ಯಾರೂ ತೋರಿಸುತ್ತಿರಲಿಲ್ಲ. ಕೆಲಸದವರು ಚಪ್ಪಲಿ ಬಿಟ್ಟು ಒಬ್ಬೊಬ್ಬರಾಗಿ ಅದರ ಮೇಲೆ ಹತ್ತಬೇಕು. ಮ್ಯಾನೇಜರ್ ಸಿರಿಲ್ ತೂಕ ನೋಡಿ ಎಲ್ಲರಿಗೂ ಕೇಳುವಂತೆ ಕೂಗಬೇಕು. ಝೀಟಾ ಹತ್ತಿದಾಗ ಮಾತ್ರ ಅವನು ಸ್ವಲ್ಪ ತಡೆಯುತ್ತಿದ್ದ. ಲೈಫ್‌ಗಾರ್ಡ್‌ಗಳು ನಗಲು ತಯಾರಾಗಬೇಕಲ್ಲ.

“ತೊಂಬತ್ತೆರಡು.”

ಅವರು ನಗುತ್ತಿದ್ದರು. ಝೀಟಾ ಇಳಿಯುತ್ತಿದ್ದಳು. ಬಗ್ಗಿದರೆ ಇನ್ನೊಮ್ಮೆ ನಗುತ್ತಾರೆಂದು ನಿಂತಲ್ಲಿಂದಲೇ ಕಾಲಿನಲ್ಲಿ ಚಪ್ಪಲಿ ಹುಡುಕುತ್ತಿದ್ದಳು.

ಕಾಪುವಿನ ಹೆದ್ದಾರಿ ಬದಿಯ ‘ಕಡಲ ಮಜಾ’ ವಾಟರ್ ಪಾರ್ಕಿನಲ್ಲಿ ಅವಳಿಗಿದ್ದ ಹೆಸರು ಅದು. ತೊಂಬತ್ತೆರಡು ಎಲ್ಲಿ? ತೊಂಬತ್ತೆರಡನ್ನು ಕರೆಯಿರಿ. ಈಜುಡುಗೆ ಬಾಡಿಗೆಗೆ ಕೊಡುವ ವಿಲ್ಮಾ ನಲವತ್ತಾರು. ಪಂಪು ನೋಡಿಕೊಳ್ಳುವ ಅಲಿಯಬ್ಬ ಅರವತ್ತನಾಲ್ಕು. ಒಮ್ಮೆ ಜ್ವರ ಬಂದು ಅಲಿಯಬ್ಬ ಸೊರಗಿದಾಗ ಸಿರಿಲ್ ಅವನ ಮೇಲೆ ಸಿಟ್ಟಾಗಿದ್ದ. “ಸರಿಯಾಗಿ ತಿನ್ನು ಮಾರಾಯ. ಇಲ್ಲದಿದ್ರೆ ಇನ್ನೊಬ್ಬ ಅರವತ್ತನಾಲ್ಕನ್ನು ಹುಡುಕ್ಬೇಕಾಗ್ತದೆ.”

ತೂಕ ಯಾಕೆ ಬೇಕೆಂದರೆ, ಪಾರ್ಕಿಗೆ ಹೊಸ ಜಾರುಬಂಡಿ ಬಂದಾಗ ಅದರಲ್ಲಿ ಮೊದಲು ಜಾರುವವರು ಇವರೇ. ಮಳೆಗಾಲ ಮುಗಿದು ಗೇಟು ತೆರೆಯುವ ಮುಂಚೆ ಹಳೆಯ ಜಾರುಬಂಡಿಗಳಲ್ಲೂ ಇವರೇ. ಮೊದಲು ಮರಳಿನ ಮೂಟೆ ಬಿಡುತ್ತಾರೆ. ಮೂಟೆ ಬಾಯಿ ಬಿಡುವುದಿಲ್ಲ, ಅದಕ್ಕೆ ಗಾಯವೂ ಆಗುವುದಿಲ್ಲ. ಆಮೇಲೆ ಹಗುರದವರು, ನಡುವಿನವರು, ಕೊನೆಗೆ ಭಾರದವರು. ಫೈಬರ್ ತುಂಡುಗಳನ್ನು ಜೋಡಿಸಿದ ಕಡೆ ಅಂಚು ಎದ್ದಿದ್ದರೆ ಬೆನ್ನು ಕೆರೆದು ಹೋಗುತ್ತದೆ. ಕೆಳಗೆ ಬಂದ ಗಂಡಸರು ಅಂಗಿ ಎತ್ತಿ ಸಿರಿಲನಿಗೆ ಬೆನ್ನು ತೋರಿಸಬೇಕು. ಹೆಂಗಸರನ್ನು ಪರದೆಯ ಹಿಂದೆ ವಿಲ್ಮಾ ನೋಡುತ್ತಾಳೆ, ನೋಡಿ ಹೊರಗೆ ಕೂಗುತ್ತಾಳೆ. “ಎಡದ ಭುಜ, ಸ್ವಲ್ಪ ಕೆಳಗೆ.” ಸಿರಿಲ್ ಹೋಗಿ ಜಾರುಬಂಡಿಯ ಎಡಬದಿಯಲ್ಲಿ ಸೀಮೆಸುಣ್ಣದ ಗುರುತು ಹಾಕುತ್ತಾನೆ. ಅಲ್ಲಿ ಉಜ್ಜುತ್ತಾರೆ. ಮತ್ತೆ ಜಾರಿಸುತ್ತಾರೆ. ಗೆರೆ ಬೀಳದಿದ್ದರೆ ಪಾಸು. ಝೀಟಾಳ ಬೆನ್ನಿನಲ್ಲಿ ಆ ಪಾರ್ಕಿನ ಎಲ್ಲ ಜಾರುಬಂಡಿಗಳ ಗುರುತು ಇತ್ತು. ಬೇಸಿಗೆಯ ಬೆವರಿಗೆ ಅವು ಉರಿಯುತ್ತಿದ್ದವು.

ಮೊದಲು ಅವಳು ಮದುವೆ ಅಡುಗೆಯವರ ಜೊತೆ ಪಾತ್ರೆ ತೊಳೆಯುತ್ತಿದ್ದಳು. ಮದುವೆಯ ಮುನ್ನಾದಿನದ ಒಂದು ರೋಸ್ ಊಟದಲ್ಲಿ ಸಿರಿಲ್ ಹಂಡೆಯ ಹತ್ತಿರ ಬಂದು ನಿಂತು ಅವಳನ್ನು ಮೇಲಿಂದ ಕೆಳಗೆ ನೋಡಿದ್ದ. ಓದು ಬರುತ್ತದೋ ಕೇಳಲಿಲ್ಲ. ಈಜು ಬರುತ್ತದೋ ಕೇಳಲಿಲ್ಲ. “ನೀವು ಎಷ್ಟು ಕಿಲೋ ಇರಬಹುದು ಬಾಯಮ್ಮ?” ಎಂದು ಕೇಳಿದ್ದ. ಝೀಟಾ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಮುಖ ತಿರುಗಿಸಿದ್ದಳು. ತಮಾಷೆ ಅಲ್ಲ, ಕೆಲಸ. ಜಾರುವುದು ವರ್ಷದಲ್ಲಿ ಕೆಲವು ದಿನ ಮಾತ್ರ. ಉಳಿದ ದಿನ ಶೌಚಾಲಯ ತೊಳೆಯುವುದು, ಈಜುಡುಗೆ ಒಗೆಯುವುದು, ಜನ ಉಗುಳಿ ಹೋದದ್ದನ್ನು ಬಾಚುವುದು. ಮಗಳು ಟೀನಾ ಉಡುಪಿಯಲ್ಲಿ ಕಾಲೇಜಿಗೆ ಸೇರಿದ್ದಳು. ಗಂಡ ಸತ್ತು ಬಹಳ ಕಾಲವಾಗಿತ್ತು. ಝೀಟಾ ಒಪ್ಪಿಕೊಂಡಳು.

ಪಾರ್ಕಿನ ಮಾಲೀಕರು ರೋನಿ ಸರ್. ಕುವೈತಿನಲ್ಲಿ ದುಡಿದು ಬಂದು ಅಪ್ಪನ ತೆಂಗಿನ ತೋಟ ಕಡಿಸಿ ಪಾರ್ಕು ಕಟ್ಟಿದವರು. ಝೀಟಾ ಮತ್ತು ಅವರು ಒಂದೇ ಇಗರ್ಜಿಯವರು. ಭಾನುವಾರ ಚರ್ಚಿನ ಪೂಜೆಗೆ ಅವರು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದರು, ಇವಳು ಹಿಂದಿನ ಬಾಗಿಲ ಹತ್ತಿರ ನಿಲ್ಲುತ್ತಿದ್ದಳು. ಇವಳ ತಾಯಿ ಅವರ ಮನೆಯ ಅಂಗಳ ಗುಡಿಸಿಯೇ ಮುದುಕಿಯಾದವಳು. “ಝೀಟಾ ನಮ್ಮವಳೇ” ಎಂದು ರೋನಿ ಸರ್ ಎಲ್ಲರೆದುರು ಹೇಳುತ್ತಿದ್ದರು. ಹೇಳುವುದಕ್ಕೆ ಖರ್ಚೇನೂ ಇರಲಿಲ್ಲ.

ಕಾರ್ಕಳದ ಕಡೆ ಇನ್ನೊಂದು ಪಾರ್ಕು ಇತ್ತು, ‘ಕಲ್ಲುಗುಡ್ಡೆ ವಾಟರ್ ವರ್ಲ್ಡ್’. ಕಪ್ಪು ಬಂಡೆಯ ಇಳಿಜಾರಿನ ಮೇಲೆಯೇ ಜಾರುಬಂಡಿ ಮಲಗಿಸಿದ್ದರು. ಎರಡು ಪಾರ್ಕುಗಳ ಜಗಳ ಹೆದ್ದಾರಿಯ ಬೋರ್ಡುಗಳಲ್ಲಿ ನಡೆಯುತ್ತಿತ್ತು. ಅವರು ನೊರೆ ತುಂಬಿಸಿ ಕುಣಿಸಿದರೆ ಇವರು ಕೃತಕ ಮಳೆ ಸುರಿಸಿ ಕುಣಿಸಿದರು. ಅವರು ಸಿಮೆಂಟಿನ ಡೈನೋಸಾರ್ ನಿಲ್ಲಿಸಿದರೆ ಇವರು ಸಿಮೆಂಟಿನ ತಿಮಿಂಗಿಲ ಮಲಗಿಸಿದರು. ಅವರು ಹುಟ್ಟಿದ ದಿನದವರಿಗೆ ಟಿಕೆಟ್ ಬೇಡ ಎಂದರು. ಇವರು ಬುಧವಾರ ಹೆಂಗಸರಿಗೆ ಅರ್ಧ ದರ ಎಂದರು. ಎಲ್ಲಕ್ಕಿಂತ ದೊಡ್ಡ ಜಗಳ ಡಿಸೆಂಬರಿನದು. ಆಗ ಶಾಲೆಗಳ ಪ್ರವಾಸ. ಬಸ್ಸು ಯಾವ ಗೇಟಿಗೆ ತಿರುಗುತ್ತದೋ ಆ ವರ್ಷ ಆ ಪಾರ್ಕಿನದು.

ಈಗ ಪಾರ್ಕಿನ ವ್ಯವಹಾರಕ್ಕೆ ಕೈ ಹಾಕಿದವನು ರೋನಿ ಸರ್ ಮಗ ಡೀನ್. ಮಣಿಪಾಲದಲ್ಲಿ ಓದಿದವನು. ಯಾವಾಗಲೂ ನಗುಮುಖ. ಮಳೆಗಾಲ ಮುಗಿಯುತ್ತಿದ್ದಂತೆ ಅವನು ಝೀಟಾಳನ್ನೂ ಅಲಿಯಬ್ಬನನ್ನೂ ಆಫೀಸಿಗೆ ಕರೆದ.

“ಆಂಟಿ, ಒಂದು ದಿನ ನೀವು ಗಿರಾಕಿ ಆಗ್ಬೇಕು. ಕಲ್ಲುಗುಡ್ಡೆಗೆ ಹೋಗಿ ಬನ್ನಿ. ಯಾವುದಕ್ಕೆ ಉದ್ದ ಸಾಲು ಉಂಟು ನೋಡಿ. ನಮ್ಮ ಹುಡುಗರು ಹೋದ್ರೆ ಅವರಿಗೆ ಗುರುತು ಸಿಗ್ತದೆ. ನಿಮ್ಮಂಥವರನ್ನು ಯಾರು ನೋಡ್ತಾರೆ?”

ಅಲಿಯಬ್ಬ ಹೆಂಡತಿಯನ್ನೂ ಕರೆದುಕೊಂಡು ಹೋಗಲೇ ಎಂದು ಕೇಳಿದ. ಡೀನ್ ಆಗಲಿ ಎಂದ. ಸಂಸಾರದ ಹಾಗೆ ಕಾಣುತ್ತದೆ, ಒಳ್ಳೆಯದೇ.

ಹಾಗೆ ಒಂದು ಭಾನುವಾರ ಮೂವರೂ ಬಸ್ಸು ಹತ್ತಿದರು. ಅಲಿಯಬ್ಬ ಕಡಲ ಬದಿಯ ಹೂಡೆಯವನು. ದೋಣಿಗೆ ಹೋಗುತ್ತಿದ್ದವನು ಮೀನು ಕಡಿಮೆಯಾಗಿ ಪಂಪಿನ ಕೆಲಸಕ್ಕೆ ಬಂದಿದ್ದ. ಹೆಂಡತಿ ಸಫಿಯಾ ಪಾರ್ಕನ್ನು ಒಳಗಿನಿಂದ ನೋಡಿರಲಿಲ್ಲ. ಗಂಡ ಅಷ್ಟು ವರ್ಷದಿಂದ ದುಡಿಯುವ ಪಾರ್ಕನ್ನೂ ನೋಡಿರಲಿಲ್ಲ. ಕೆಲಸದವರ ಮನೆಯವರಿಗೆ ಅಲ್ಲಿ ಪ್ರವೇಶವಿಲ್ಲ. ಕಲ್ಲುಗುಡ್ಡೆಯಲ್ಲಿ ಅವಳು ಮಕ್ಕಳ ಕೊಳದ ಕಟ್ಟೆಯಲ್ಲಿ ಕೂತು ಬುರ್ಖಾದ ಅಂಚು ಸ್ವಲ್ಪ ಎತ್ತಿ ಪಾದ ಮುಳುಗಿಸಿದಳು. ಅಲಿಯಬ್ಬ ಬಂಡೆಯ ಜಾರುಬಂಡಿಯಲ್ಲಿ ಜಾರಿ ಬಂದು ನೀರಿನಲ್ಲಿ ಮೂರು ಸುತ್ತು ತಿರುಗಿ ಎದ್ದ. ಸಫಿಯಾ ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡು ನಕ್ಕಳು.

“ದಿನಾ ಇದೇ ಕೆಲಸವಾ ನಿಮಗೆ? ಮತ್ತೆ ಮನೆಗೆ ಬಂದು ಸೊಂಟನೋವು ಅಂತೀರಿ,” ಎಂದಳು.

ಅಲಿಯಬ್ಬ ತಲೆಯ ನೀರು ಕೊಡವಿದ. ಅವನೂ ನಕ್ಕ.

ಝೀಟಾ ಬಟ್ಟೆ ಬದಲಿಸಲು ಹೆಂಗಸರ ಕೋಣೆಗೆ ಹೋದಳು. ಅಲ್ಲಿ ನೆಲ ಒರೆಸುತ್ತಿದ್ದ ಹೆಂಗಸು ಕೋಲು ಹಿಡಿದೇ ನಿಂತುಬಿಟ್ಟಳು. ಅವಳೂ ದಪ್ಪ. ಅವಳ ಕಣ್ಣು ಝೀಟಾಳ ಬೆನ್ನಿನ ಮೇಲಿತ್ತು. ಝೀಟಾ ಟವೆಲ್ ಎಳೆದುಕೊಂಡಳು. ಆ ಹೆಂಗಸು ಬಾಗಿಲಿನ ಕಡೆ ಒಮ್ಮೆ ನೋಡಿ ಕೊಂಕಣಿಯಲ್ಲಿ ಮೆಲ್ಲಗೆ ಕೇಳಿದಳು.

“ನಿನ್ನದು ಎಷ್ಟು?”

ಝೀಟಾಳಿಗೆ ಅರ್ಥವಾಯಿತು. “ತೊಂಬತ್ತೆರಡು.”

“ನನ್ನದು ಎಂಬತ್ತೇಳು.” ಹೆಂಗಸು ತಿರುಗಿ ಸಮವಸ್ತ್ರದ ಕಾಲರನ್ನು ಕೆಳಗೆ ಎಳೆದಳು. ಕುತ್ತಿಗೆಯ ಕೆಳಗಿನಿಂದ ಗೆರೆಗಳು ಶುರುವಾಗಿದ್ದವು. ಕೆಲವು ಬೆಳ್ಳಗೆ, ಕೆಲವು ಇನ್ನೂ ಕೆಂಪು. ಝೀಟಾ ತನ್ನ ಬೆನ್ನನ್ನು ಸರಿಯಾಗಿ ನೋಡಿಕೊಂಡಿರಲಿಲ್ಲ. ಅದು ಹೀಗಿರುತ್ತದೆ ಎಂದು ಆಗ ಗೊತ್ತಾಯಿತು.

ಅವಳ ಹೆಸರು ಲೊರ್ನಾ. ಇಬ್ಬರೂ ಫೋನ್ ನಂಬರ್ ಬರೆದುಕೊಂಡರು. “ನೀನು ಅಲ್ಲಿಂದ ಬಂದವಳು ಅಂತ ನಾನು ಹೇಳುವುದಿಲ್ಲ. ಹೋಗು, ಒಮ್ಮೆ ಸುಖವಾಗಿ ಜಾರು,” ಎಂದಳು ಲೊರ್ನಾ. ಝೀಟಾ ಜಾರಲಿಲ್ಲ. ಸಫಿಯಾಳ ಪಕ್ಕ ಕೂತು ಕಾಲು ಮುಳುಗಿಸಿದಳು.

ಮರುದಿನ ಡೀನ್ ವರದಿ ಕೇಳಿದ. ರೋನಿ ಸರ್, ಸಿರಿಲ್ ಇಬ್ಬರೂ ಇದ್ದರು.

“ಉದ್ದ ಸಾಲು ಇದ್ದದ್ದು ಬಂಗುಡೆ ಫ್ರೈ ಕೌಂಟರಿನ ಹತ್ತಿರ ಸರ್,” ಎಂದ ಅಲಿಯಬ್ಬ.

ಡೀನ್ ಜೋರಾಗಿ ನಕ್ಕ. “ಜಾರುಬಂಡಿ ಹೇಳಿ ಮಾರಾಯ್ರೆ. ಅವರ ದೊಡ್ಡದು ಎಷ್ಟು ಮಾಳಿಗೆ ಎತ್ತರ?”

“ಆರು ಇರಬಹುದು.”

“ನಮ್ಮದು ಎಂಟು,” ಎಂದ ಡೀನ್. ತೀರ್ಮಾನ ಆದದ್ದು ಅಷ್ಟರಲ್ಲಿ. ಬೋರ್ಡಿಗೆ ಎತ್ತರ ಬೇಕು, ವಿಡಿಯೋಗೆ ಕಿರುಚಾಟ ಬೇಕು. ಹೆಸರನ್ನೂ ಅವನು ಆಗಲೇ ಇಟ್ಟಿದ್ದ, ಸುನಾಮಿ. ಹೊರಗೆ ಬಂದ ಮೇಲೆ ಅಲಿಯಬ್ಬ, “ಕಡಲು ಕಂಡವರು ಆಟಕ್ಕೆ ಆ ಹೆಸರು ಇಡ್ಲಿಕ್ಕಿಲ್ಲ,” ಎಂದು ಗೊಣಗಿದ.

ಸುನಾಮಿ ಎದ್ದಿತು. ನೀಲಿ ಕೊಳವೆ, ಹಾವಿನ ಹಾಗೆ ಸುತ್ತಿ ಸುತ್ತಿ ಇಳಿಯುವಂಥದ್ದು. ಡಿಸೆಂಬರಿಗೆ ಮುಂಚೆ ಆಗಬೇಕೆಂದು ಸಿರಿಲ್ ಕೆಲಸಗಾರರ ತಲೆಯ ಮೇಲೆ ನಿಂತಿದ್ದ. ಒಂದು ತುಂಡು ಹೊಂದದೆ ಹೋದಾಗ ಬದಲಿ ತರಿಸಲು ಸಮಯವಿಲ್ಲ ಎಂದು ಅದನ್ನೇ ಕೊಯ್ದು ಕೂರಿಸಿದರು. ಮೂರನೆಯ ತಿರುವು ಅದು.

ಪರೀಕ್ಷೆಯ ದಿನ ಮರಳಿನ ಮೂಟೆ ಹೋಯಿತು. ವಿಲ್ಮಾ ಹೋದಳು. ಅವಳ ಸೊಂಟದಲ್ಲಿ ಗೆರೆ ಬಿತ್ತು. ಉಜ್ಜಿದರು. ಆಮೇಲೆ ಅಲಿಯಬ್ಬ ಕೂತ. ಮುಂದಿನ ಸರದಿ ಝೀಟಾಳದ್ದು. ಅವಳು ಅವನ ಹಿಂದೆಯೇ ನಿಂತಿದ್ದಳು. “ಬರ್ತೇನೆ ಝೀಟಕ್ಕ,” ಎಂದು ಅವನು ಕೈ ಕಟ್ಟಿ ಮಲಗಿದ. ಹೋದ.

ಒಳಗಿನಿಂದ ಸದ್ದು ಬಂತು. ಒದ್ದೆ ತೆಂಗಿನಕಾಯಿ ಕಲ್ಲಿಗೆ ಬಿದ್ದ ಹಾಗೆ. ಕೂಗು ಬರಲಿಲ್ಲ.

ಝೀಟಾ ಎಂಟು ಮಾಳಿಗೆಯ ಮೆಟ್ಟಿಲನ್ನು ಹೇಗೆ ಇಳಿದಳೋ ಅವಳಿಗೇ ತಿಳಿಯದು. ಅಲಿಯಬ್ಬ ಮೊಣಕಾಲುದ್ದದ ನೀರಿನಲ್ಲಿ ಆಕಾಶ ನೋಡುತ್ತ ತೇಲುತ್ತಿದ್ದ. ಕಣ್ಣು ತೆರೆದಿತ್ತು. ಅವಳು ನೀರಿಗೆ ಇಳಿದು ಅವನ ಕಂಕುಳಿಗೆ ಕೈ ಹಾಕಿದಳು.

“ಕಾಲು ಉಂಟಾ ನೋಡು ಝೀಟಕ್ಕ,” ಎಂದ. “ನನಗೆ ಗೊತ್ತಾಗ್ತಾ ಇಲ್ಲ.”

ಕಾಲು ಇತ್ತು. ಎರಡೂ ಇದ್ದವು. ಅವಳು ಅದನ್ನು ಹೇಳಿದಳು. ಹೇಳುತ್ತ ಅತ್ತಳು.

ಕ್ಯಾಂಟೀನಿನ ವ್ಯಾನಿನಲ್ಲಿ, ಈರುಳ್ಳಿ ಮೂಟೆಯ ಪಕ್ಕ ಅವನನ್ನು ಮಲಗಿಸಿ ಮಣಿಪಾಲಕ್ಕೆ ತಂದರು. ದಾರಿಯಲ್ಲಿ ಸಿರಿಲ್ ಮುಂದಿನ ಸೀಟಿನಿಂದ ತಿರುಗಿ ಹೇಳಿದ. “ಬೈಕಿನಿಂದ ಬಿದ್ದದ್ದು ಅಂತ ಹೇಳ್ಬೇಕು. ಹೆದ್ದಾರಿಯಲ್ಲಿ. ಪಾರ್ಕಿನ ಹೆಸರು ಬಂದ್ರೆ ಪೊಲೀಸು, ಪೇಪರು ಎಲ್ಲ ಬರ್ತದೆ. ಗೇಟು ಮುಚ್ಚಿದ್ರೆ ಎಲ್ಲರ ಹೊಟ್ಟೆಗೂ ಕಲ್ಲು. ನಿನ್ನ ಹೊಟ್ಟೆಗೂ.”

ಆಸ್ಪತ್ರೆಯಲ್ಲಿ ವೈದ್ಯೆ ಕೇಳಿದಳು. ಸಿರಿಲ್ ಝೀಟಾಳ ಬೆನ್ನಿಗೆ ಅಂಟಿ ನಿಂತಿದ್ದ.

“ಬೈಕಿನಿಂದ,” ಎಂದಳು ಝೀಟಾ.

ಸಂಜೆ ಸಫಿಯಾ ಬಂದಳು. ಬೆನ್ನುಮೂಳೆ ಮುರಿದಿದೆ, ಇನ್ನು ನಡೆಯುವುದು ಕಷ್ಟ ಎಂದು ಆಗಲೇ ಹೇಳಿದ್ದರು. ಅವಳು ಅಳುತ್ತಿರಲಿಲ್ಲ. ಝೀಟಾಳ ಎದುರು ನಿಂತು ಮುಖವನ್ನೇ ನೋಡಿದಳು.

“ಬೈಕ್ ಅಂತ ಹೇಳಿದ್ರಂತೆ. ಯಾರ ಬೈಕ್?”

ಝೀಟಾ ಗೋಡೆಯ ಕಡೆ ತಿರುಗಿದಳು.

“ನಮ್ಮ ಮನೆಯಲ್ಲಿ ಬೈಕ್ ಇಲ್ಲ. ಅವರಿಗೆ ಬೈಕ್ ಬಿಡ್ಲಿಕ್ಕೇ ಬರುವುದಿಲ್ಲ, ಅಕ್ಕ.”

ಅಕ್ಕ ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಝೀಟಾ ಗೋಡೆ ಹಿಡಿದು ಹೊರಗೆ ಬಂದಳು. ಪರ್ಕಳದ ಕಡೆಯ ಬಸ್ಸು, ಉಡುಪಿಯ ಬಸ್ಸು, ಎರಡೂ ಅವಳ ಮುಂದೆ ನಿಂತು ಹೋದವು. ಅವಳಿಗೆ ಕೈ ಎತ್ತಲು ಆಗಲಿಲ್ಲ. ತನ್ನ ಮೇಲೆಯೇ ಅಷ್ಟು ಹೇಸಿಗೆ ಅವಳಿಗೆ ಯಾವತ್ತೂ ಆಗಿರಲಿಲ್ಲ.

ರೋನಿ ಸರ್ ಆಸ್ಪತ್ರೆಗೆ ಹಣ್ಣಿನ ಬುಟ್ಟಿ ಕಳಿಸಿದರು. ಬೈಕಿನ ವಿಷಯವಾದ್ದರಿಂದ ಪಾರ್ಕಿನಿಂದ ಹೆಚ್ಚು ಮಾಡಲು ಬರುವುದಿಲ್ಲ, ಆದರೂ ಮನುಷ್ಯತ್ವ ಎಂದು ಒಂದು ಉಂಟಲ್ಲ ಎಂದರು. ಮೂರನೆಯ ತಿರುವಿಗೆ ಮೇಣದಂಥ ಏನನ್ನೋ ಮೆತ್ತಿ ಮೇಲೆ ನೀಲಿ ಬಣ್ಣ ಹೊಡೆದರು. ಮತ್ತೆ ಯಾರನ್ನೂ ಜಾರಿಸಲಿಲ್ಲ. ಸಮಯ ಇರಲಿಲ್ಲ. ಕಲ್ಲುಗುಡ್ಡೆಯವರು ಕ್ರಿಸ್ಮಸ್ಸಿಗೆ ಅಲೆ ಎಬ್ಬಿಸುವ ಕೊಳ ತೆರೆಯುತ್ತಾರೆ ಎಂದು ಬೋರ್ಡು ಬಿದ್ದಿತ್ತು. ಅದಕ್ಕಿಂತ ಮುಂಚಿನ ಶನಿವಾರವೇ ಸುನಾಮಿ ಶುರುವಾಗಬೇಕು ಎಂದ ಡೀನ್.

ಅವನಿಗೆ ಇನ್ನೊಂದು ಉಪಾಯ ಹೊಳೆದಿತ್ತು. ಝೀಟಾಳನ್ನು ತೂಕದ ಯಂತ್ರದ ಪಕ್ಕ ನಿಲ್ಲಿಸಿ ಫೋಟೋ ತೆಗೆಸಿದ. ಹೊಸ ಸಮವಸ್ತ್ರ ಕೊಟ್ಟಿದ್ದರು, ಒಂದು ಅಳತೆ ಚಿಕ್ಕದು. ಬೇಕೆಂದೇ ಚಿಕ್ಕದು. ಮರುದಿನ ಎಲ್ಲರ ಫೋನಿನಲ್ಲೂ ಅವಳು ಓಡಾಡಿದಳು. ಹೊಟ್ಟೆ ಕುಣಿಯುವಂತೆ ಅವಳ ಚಿತ್ರವನ್ನು ಕುಣಿಸಿದ್ದರು. ಕೆಳಗೆ ದೊಡ್ಡ ಅಕ್ಷರ: ‘ತೊಂಬತ್ತೆರಡು ಕಿಲೋದ ನಮ್ಮ ಝೀಟಾ ಆಂಟಿಯೇ ಜಾರುತ್ತಾರೆ. ಇನ್ನು ನಿಮಗೇನು ಹೆದರಿಕೆ?’

ಟೀನಾ ಕಾಲೇಜಿನಿಂದ ಬಂದು ಬ್ಯಾಗು ಮೂಲೆಗೆ ಎಸೆದಳು. ಊಟ ಮಾಡಲಿಲ್ಲ.

“ಮಮ್ಮಿ, ನೀನು ಅಲ್ಲಿ ಕ್ಲೀನಿಂಗ್ ಅಂತ ಹೇಳಿದ್ದಿ ಅಲ್ವಾ?”

“ಕ್ಲೀನಿಂಗೇ.”

“ಕ್ಲಾಸಿನಲ್ಲಿ ಎಲ್ಲರ ಹತ್ತಿರ ಉಂಟು ಅದು. ನನ್ನನ್ನು ನಲವತ್ತಾರು ಅಂತ ಕರೀತಾರೆ. ನಿನ್ನ ಅರ್ಧ ಅಂತ.”

ಝೀಟಾ ಮಗಳ ಹತ್ತಿರ ಹೋದಳು. ಟೀನಾ ಸರಿದು ಕೂತಳು. ಸ್ವಲ್ಪ ಹೊತ್ತಾದ ಮೇಲೆ ಹುಡುಗಿಯ ಸಿಟ್ಟು ಇಳಿಯಿತು. “ಅದರಲ್ಲಿ ನೀನು ನಿಜವಾಗಿ ಜಾರ್ತೀಯಾ?” ಎಂದು ಕೇಳಿದಳು. ಆಗ ಝೀಟಾ ಮೊದಲ ಸಲ ಅಂಗಿಯ ಗುಂಡಿ ಬಿಚ್ಚಿ ಮಗಳಿಗೆ ಬೆನ್ನು ತೋರಿಸಿದಳು. ಅಲಿಯಬ್ಬನದ್ದೂ ಹೇಳಿದಳು. ಬೈಕ್ ಎಂದು ತಾನು ಹೇಳಿದ್ದನ್ನೂ ಹೇಳಿದಳು. ಟೀನಾ ಒಂದೊಂದು ಗೆರೆಯ ಮೇಲೂ ಬೆರಳು ಇಟ್ಟಳು. “ಹೋಗ್ಬೇಡ ಮಮ್ಮಿ,” ಎಂದಳು.

“ಹೋಗದಿದ್ರೆ ಬೇರೆ ಯಾರನ್ನಾದ್ರೂ ಹತ್ತಿಸ್ತಾರೆ,” ಎಂದಳು ಝೀಟಾ. “ನಾನು ಹೋಗ್ಬೇಕು.”

ಶನಿವಾರ ಗೇಟಿನ ಹೊರಗೆ ಶಾಲೆಯ ಬಸ್ಸುಗಳು ಸಾಲಾಗಿ ನಿಂತಿದ್ದವು. ಬ್ಯಾಂಡು ಬಾರಿಸುತ್ತಿತ್ತು. ಡೀನ್ ಮೈಕು ಹಿಡಿದು ಅತ್ತಿತ್ತ ಓಡುತ್ತಿದ್ದ. ರೋನಿ ಸರ್ ಬಿಳಿ ಅಂಗಿ ಹಾಕಿ ಕುರ್ಚಿಯಲ್ಲಿ ಕೂತಿದ್ದರು. ಝೀಟಾಳ ಕೊರಳಿಗೆ ಸೇವಂತಿಗೆ ಮಾಲೆ ಹಾಕಿ ಮಕ್ಕಳ ಎದುರು ನಿಲ್ಲಿಸಿದರು. ಕೋಳಿ ತೂಗುವ ಯಂತ್ರವನ್ನು ಅಲ್ಲಿಗೇ ತಂದಿದ್ದರು, ಈ ಸಲ ಒರೆಸಿ, ರಿಬ್ಬನ್ ಕಟ್ಟಿ. ಅವಳು ಹತ್ತಿದಳು. ಡೀನ್ ಮೈಕಿನಲ್ಲಿ ಸಂಖ್ಯೆ ಕೂಗಿದ. ಮಕ್ಕಳು ಹೋ ಎಂದರು. ಮಕ್ಕಳ ತಪ್ಪಲ್ಲ ಅದು. ನಗಬೇಕು ಎಂದು ಅವರಿಗೆ ತೋರಿಸಿಕೊಟ್ಟಿದ್ದರು.

ಮೆಟ್ಟಿಲು ಹತ್ತಿದಳು. ಅವಳ ಹಿಂದೆ ಮಕ್ಕಳ ಸಾಲು. ಮೊದಲು ಆಂಟಿ, ಆಮೇಲೆ ಮಕ್ಕಳು ಒಬ್ಬೊಬ್ಬರಾಗಿ. ಅವಳಿಗೆ ತೀರ ಹತ್ತಿರ ಎರಡು ಜಡೆಯ ಹುಡುಗಿಯೊಬ್ಬಳು ಇದ್ದಳು. ನಾಲ್ಕನೆಯ ಮಾಳಿಗೆಯಲ್ಲಿ ಝೀಟಾಳ ಉಸಿರು ಕಟ್ಟಿತು. ನಿಂತಳು. ಹುಡುಗಿ ಕೇಳಿದಳು. “ಆಂಟಿ, ಹೆದರಿಕೆ ಆಗ್ತದಾ?”

“ಆಗ್ತದೆ,” ಎಂದಳು ಝೀಟಾ.

ತುದಿಯಲ್ಲಿ ಲೈಫ್‌ಗಾರ್ಡ್ ವಿಶಾಲ್ ವಾಕಿಟಾಕಿ ಹಿಡಿದು ನಿಂತಿದ್ದ. ಸೋಮವಾರಗಳಂದು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು. ಇವತ್ತು ಅವಳ ಮುಖ ನೋಡಲಿಲ್ಲ. ಮೇಲಿನಿಂದ ಹೆದ್ದಾರಿ ಕಾಣುತ್ತಿತ್ತು, ಅದರಾಚೆ ದೀಪಸ್ತಂಭ, ಅದರಾಚೆ ಕಡಲು. ತಲೆಯ ಮೇಲೆ ಡ್ರೋನ್ ಗುಂಯ್‌ಗುಡುತ್ತಿತ್ತು. ಝೀಟಾ ಮಾಲೆ ತೆಗೆದು ಕಂಬಿಗೆ ನೇತುಹಾಕಿದಳು. ಕೊಳವೆಯ ಬಾಯಿಯಲ್ಲಿ ಕಾಲು ಚಾಚಿ ಕೂತಳು. ಪಂಪಿನ ನೀರು ಬೆನ್ನಿಗೆ ಬಡಿಯಿತು. ಹಳೆಯ ಗೆರೆಗಳು ಉರಿದವು.

“ಮೂರು, ಎರಡು, ಒಂದು,” ಎಂದ ವಿಶಾಲ್.

ಝೀಟಾ ಹೋಗಲಿಲ್ಲ.

ಅವನು ಮತ್ತೆ ಎಣಿಸಿದ. ಅವಳು ಎರಡೂ ಕೈಗಳಿಂದ ಅಂಚು ಹಿಡಿದು ಇನ್ನೂ ಗಟ್ಟಿಯಾಗಿ ಕೂತಳು. ಕೊಳವೆಯ ಬಾಯಿಗೆ ಅವಳು ಸರಿಯಾಗಿ ತುಂಬಿದ್ದಳು. ನೀರಿಗೂ ಹೋಗಲು ಎಡೆ ಇರಲಿಲ್ಲ. ಅದು ಹಿಂದೆ ಕಟ್ಟಿ ನಿಂತು, ತೊಟ್ಟಿಯಿಂದ ಉಕ್ಕಿ, ಮೆಟ್ಟಿಲ ಮೇಲೆ ಹರಿಯತೊಡಗಿತು. ಮಕ್ಕಳು ಕಾಲೆತ್ತಿ ಕುಣಿದರು.

ವಾಕಿಟಾಕಿಯಲ್ಲಿ ಡೀನ್ ಧ್ವನಿ. “ಎಂತ ಆಯ್ತು? ಆಂಟಿಯನ್ನು ಸ್ವಲ್ಪ ದೂಡು ಮಾರಾಯ.”

ವಿಶಾಲ್ ಒಂದು ಹೆಜ್ಜೆ ಮುಂದೆ ಬಂದ.

“ಅಲಿಯಬ್ಬನನ್ನು ಎತ್ತುವಾಗ ನೀನೂ ಇದ್ದಿ,” ಎಂದಳು ಝೀಟಾ. “ದೂಡು. ದೂಡುವುದಾದ್ರೆ ದೂಡು.”

ಅವನ ಕೈ ಅಲ್ಲೇ ನಿಂತಿತು. ಅವನು ವಾಕಿಟಾಕಿಯನ್ನು ಆಫ್ ಮಾಡಿ ನೆಲದ ಮೇಲಿಟ್ಟ.

ಮಕ್ಕಳ ಜೊತೆಗಿದ್ದ ಟೀಚರ್ ಒದ್ದೆ ಮೆಟ್ಟಿಲಲ್ಲಿ ಸೀರೆ ಎತ್ತಿ ಹಿಡಿದು ಮೇಲೆ ಬಂದಳು. “ಎಂತ ವಿಷಯ? ಎಷ್ಟು ಹೊತ್ತು ಮಕ್ಕಳನ್ನು ನಿಲ್ಲಿಸುವುದು?”

“ಇದರಲ್ಲಿ ಒಬ್ಬರ ಬೆನ್ನು ಮುರಿದಿದೆ ಟೀಚರ್. ಮೂರನೇ ತಿರುವಿನಲ್ಲಿ. ಅಲಿಯಬ್ಬ ಅಂತ, ಇಲ್ಲಿಯ ಪಂಪಿನವರು. ಮಣಿಪಾಲದಲ್ಲಿ ಮಲಗಿದ್ದಾರೆ. ಇನ್ನು ನಡೆಯುವುದು ಕಷ್ಟ ಅಂತೆ. ಬೈಕಿನಿಂದ ಬಿದ್ದದ್ದು ಅಂತ ನಾನೇ ಹೇಳಿದ್ದು. ಸುಳ್ಳು ಅದು. ಮೂರನೇ ತಿರುವಿಗೆ ಈಗ ಬಣ್ಣ ಹಾಕಿದ್ದಾರೆ. ಬಣ್ಣದಡಿಯಲ್ಲಿ ಅಂಚು ಹಾಗೇ ಉಂಟು.”

ಟೀಚರ್ ವಿಶಾಲನ ಕಡೆ ನೋಡಿದಳು. ವಿಶಾಲ್ ನೆಲ ನೋಡಿದ. ಅವಳಿಗೆ ಅಷ್ಟು ಸಾಕಾಯಿತು. ಎರಡು ಜಡೆಯ ಹುಡುಗಿಯ ರಟ್ಟೆ ಹಿಡಿದು ತನ್ನ ಹತ್ತಿರ ಎಳೆದುಕೊಂಡಳು.

ಆಗ ರೋನಿ ಸರ್ ಬಂದರು. ಮಕ್ಕಳನ್ನು ಬದಿಗೆ ಸರಿಸುತ್ತ, ಕಂಬಿ ಹಿಡಿದು ಏದುಸಿರು ಬಿಡುತ್ತ ಬಂದರು. ಬಿಳಿ ಅಂಗಿ ಬೆವರಿಗೆ ಅಂಟಿತ್ತು. ಹೊಟ್ಟೆ ಅವರಿಗೂ ಇತ್ತು, ಯಾರೂ ಅದನ್ನು ಯಂತ್ರದ ಮೇಲೆ ಇಟ್ಟಿರಲಿಲ್ಲ. ಬಗ್ಗಿ ಅವಳ ಕಿವಿಯ ಹತ್ತಿರ ಕೊಂಕಣಿಯಲ್ಲಿ ಮಾತಾಡಿದರು.

“ಎಂತ ಝೀಟಾ ಇದು? ನೀನು ನಮ್ಮವಳೇ ಅಲ್ವಾ? ನಿನ್ನ ತಾಯಿ ನಮ್ಮ ಮನೆಯಲ್ಲಿ ಎಷ್ಟು ವರ್ಷ ಇದ್ದವಳು. ಒಂದು ಮಾತು ಎದುರು ಹೇಳಿದವಳಲ್ಲ.”

“ಅವಳು ಹೇಳ್ಲಿಲ್ಲ,” ಎಂದಳು ಝೀಟಾ. “ಸಾಯುವಾಗ ಅವಳಿಗೆ ಸೊಂಟ ನೆಟ್ಟಗೆ ಆಗ್ತಿರ್ಲಿಲ್ಲ ಸರ್. ಪೆಟ್ಟಿಗೆಯಲ್ಲಿ ಬದಿಗೆ ಮಲಗಿಸಿದ್ದು. ನೀವು ಮಾಲೆ ಹಾಕಿ ಹೋದ್ರಿ, ನಿಮಗೆ ನೆನಪಿರ್ಲಿಕ್ಕಿಲ್ಲ.”

ರೋನಿ ಸರ್ ಮುಖ ಗಟ್ಟಿಯಾಯಿತು. ಕೊಂಕಣಿ ಬಿಟ್ಟು ಕನ್ನಡಕ್ಕೆ ಬಂದರು. “ಏಳು. ಇವತ್ತಿಗೆ ನಿನ್ನ ಕೆಲಸ ಮುಗಿಯಿತು. ನಿನ್ನ ತೂಕದವಳು ಬೇರೆ ಸಿಗುವುದಿಲ್ಲ ಅಂತ ತಿಳ್ಕೊಂಡಿದ್ದೀಯಾ?”

“ಸಿಗ್ತಾಳೆ. ಕಾರ್ಕಳದಲ್ಲೇ ಒಬ್ಬಳು ಇದ್ದಾಳೆ. ಅವಳ ನಂಬರ್ ನನ್ನ ಹತ್ತಿರ ಉಂಟು. ಅವಳಿಗೂ ಹೇಳ್ತೇನೆ.”

“ಏಳ್ತೀಯಾ, ಎತ್ತಿಸಬೇಕಾ?”

“ಎತ್ತಿಸಿ. ತೊಂಬತ್ತೆರಡು ಕಿಲೋ.”

ರೋನಿ ಸರ್ ಸುತ್ತ ನೋಡಿದರು. ವಿಶಾಲ್ ಕಂಬಿಗೆ ಒರಗಿ ಕೈ ಕಟ್ಟಿದ್ದ. ಕೆಳಗಿನ ಮೆಟ್ಟಿಲಲ್ಲಿ ಇನ್ನಿಬ್ಬರು ಲೈಫ್‌ಗಾರ್ಡ್‌ಗಳು ನಿಂತಿದ್ದರು, ಅವರ ಹಿಂದೆ ವಿಲ್ಮಾ. ಯಾರೂ ಮುಂದೆ ಬರಲಿಲ್ಲ. ಎಲ್ಲರೂ ಸೋಮವಾರದ ಯಂತ್ರ ಹತ್ತಿದವರು.

ಝೀಟಾ ಕೂತಲ್ಲಿಂದಲೇ ಅವರ ಕಡೆ ಮುಖ ತಿರುಗಿಸಿದಳು.

“ಸರ್, ನೀವೂ ನನ್ನ ತೂಕದ ಹತ್ತಿರಹತ್ತಿರ ಇದ್ದೀರಿ. ನೀವು ಜಾರಿ. ಕೆಳಗೆ ನೀವು ಎದ್ದು ನಿಂತದ್ದು ಕಂಡ್ರೆ ನಾನೂ ಬರ್ತೇನೆ. ಆಮೇಲೆ ಈ ಮಕ್ಕಳೂ ಬರ್ಲಿ.”

ಮೆಟ್ಟಿಲ ಮೇಲೆ ನೀರು ಹರಿಯುತ್ತಲೇ ಇತ್ತು. ಮಕ್ಕಳೆಲ್ಲ ರೋನಿ ಸರ್‌ರನ್ನು ನೋಡುತ್ತಿದ್ದರು, ಆಟ ನೋಡುವ ಹಾಗೆ, ಕುತೂಹಲದಿಂದ. ಕೆಳಗಿನಿಂದ ಡೀನ್ ಮೈಕಿನಲ್ಲಿ ಏನೋ ಹೇಳುತ್ತಿದ್ದ. ಬ್ಯಾಂಡು ನಿಂತಿತ್ತು. ರೋನಿ ಸರ್ ಬಗ್ಗಿ ಅವಳ ಭುಜದ ಮೇಲಿಂದ ಕೊಳವೆಯೊಳಗೆ ನೋಡಿದರು. ಒಳಗೆ ಮೊದಲು ನೀಲಿ, ಆಮೇಲೆ ಕಪ್ಪು. ಅವರು ಬಹಳ ಹೊತ್ತು ನೋಡಿದರು. ಆಮೇಲೆ ನೆಟ್ಟಗಾಗಿ ಕಂಬಿಯನ್ನು ಎರಡೂ ಕೈಗಳಿಂದ ಹಿಡಿದು, ಜಾರದ ಹಾಗೆ ಒಂದೊಂದೇ ಹೆಜ್ಜೆ ನೋಡಿ ಇಡುತ್ತ, ಬಂದ ಮೆಟ್ಟಿಲಲ್ಲೇ ಇಳಿಯತೊಡಗಿದರು.

ಎರಡು ಜಡೆಯ ಹುಡುಗಿ ಟೀಚರಿಗೆ ಕೇಳಿದಳು. “ಅಂಕಲ್ ಯಾಕೆ ಜಾರ್ಲಿಲ್ಲ ಟೀಚರ್?”

ಟೀಚರ್ ಸಾಲನ್ನು ಹಿಂದಕ್ಕೆ ತಿರುಗಿಸಿದಳು. ಮಕ್ಕಳು ಮುಖ ಸಣ್ಣ ಮಾಡಿಕೊಂಡು ಇಳಿದರು. ಕೊನೆಯ ಮಗು ಕಣ್ಣಿಗೆ ಮರೆಯಾಗುವವರೆಗೆ ಝೀಟಾ ಅಲ್ಲೇ ಕೂತಿದ್ದಳು. ಕೆಲಸ ಹೋಯಿತು, ಅದು ಅವಳಿಗೆ ಗೊತ್ತಿತ್ತು. ಕೆಳಗೆ ಸಿರಿಲ್ ಕಾಯುತ್ತಿರುತ್ತಾನೆ, ಪೊಲೀಸರನ್ನೂ ಕರೆಸಿರಬಹುದು. ಇವತ್ತಲ್ಲದಿದ್ದರೆ ನಾಳೆ ಇನ್ನೊಮ್ಮೆ ಬಣ್ಣ ಹೊಡೆದು ಇನ್ಯಾರನ್ನೋ ತೂಗಿ ಹತ್ತಿಸುತ್ತಾರೆ. ಅಲಿಯಬ್ಬನ ಕಾಲು ಮರಳಿ ಬರುವುದಿಲ್ಲ. ಮಣಿಪಾಲಕ್ಕೆ ಹೋಗಬೇಕು, ಆ ವೈದ್ಯೆಗೆ ಮತ್ತೆ ಹೇಳಬೇಕು, ಸಫಿಯಾಳ ಎದುರಿಗೇ ಹೇಳಬೇಕು.

ವಿಶಾಲ್ ಕೈ ಕೊಟ್ಟ. “ಏಳಿ ಝೀಟಕ್ಕ,” ಎಂದ.

ಅವಳು ಆ ಕೈ ಹಿಡಿದು ಎದ್ದಳು. ಹಿಂದೆ ಕಟ್ಟಿ ನಿಂತಿದ್ದ ನೀರು ಒಮ್ಮೆಲೇ ಕೊಳವೆಯೊಳಗೆ ನುಗ್ಗಿತು. ಮೂರನೆಯ ತಿರುವಿನಲ್ಲಿ ಅದು ಬಡಿದ ಸದ್ದು ಇಬ್ಬರಿಗೂ ಕೇಳಿಸಿತು.